ಜಗಳದ ಡಿಪಾರ್ಟ್‌ಮೆಂಟು

ಸಾಲು ಸಪ್ಪೆಯಾಗಿತ್ತು. 'ಇವತ್ತು ಸಂಜೆ ಅಕ್ಕನ ಊರಿಗೆ ಹೋಗ್ತಿದೀನಿ. ಇನ್ಮೇಲೆ ಅಲ್ಲೇ ಇರ್ತೀನಿ.' ಎರಡು ವಾಕ್ಯ, ಎರಡರಲ್ಲೂ ಏರಿಲ್ಲ, ಇಳಿತವಿಲ್ಲ. 'ಇವತ್ತು ಸಂಜೆ'ಯನ್ನು ಕೊನೆಗೆ ಒಯ್ದಿದ್ದರೆ ಸ್ವಲ್ಪ ದಮ್ಮು ಬರುತ್ತಿತ್ತು. ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ಕನ್ನಡಿಯ ಮುಂದೆ ನಿಂತಿದ್ದ ಅವನಿಗೆ, ಇಷ್ಟೆಲ್ಲ ತಿದ್ದುಪಡಿ ಮುಗಿದ ಮೇಲೆ, ಆ ಸಾಲು ಹೇಳಿದವಳು ತನ್ನ ಹೆಂಡತಿ ಎಂಬುದು ಹೊಳೆಯಿತು.

ನೊರೆ ಉಗಿದ.

"ಯಾವ ಬಸ್ಸು?"

"ಏಳೂವರೇದು."

"ಸೀಟು ಸಿಕ್ತಾ?"

"ಕಿಟಕಿ ಪಕ್ಕ."

"ಒಳ್ಳೇದಾಯ್ತು."

ಅವಳು ಬಾತ್‌ರೂಮಿನ ಬಾಗಿಲಿಗೆ ಒರಗಿ ಇನ್ನೂ ನಿಂತೇ ಇದ್ದಳು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ. ಗಾಜು ಬದಲಿಸಿ 'ಈಗ ಹೇಗೆ ಕಾಣ್ತಿದೆ? ಈಗ?' ಎಂದು ಕೇಳಿ, ಎದುರಿನವರು ಏನಾದರೂ ಒಂದು ಅನ್ನುವ ತನಕ ಕಾಯುವುದು ಅವಳಿಗೆ ರೂಢಿ. ಅದೇ ಅಂಗಡಿಯವರು ಅಕ್ಕನ ಊರಲ್ಲೊಂದು ಶಾಖೆ ತೆರೆದಿದ್ದರು. ಹೋಗ್ತೀರಾ ಎಂದು ಕೇಳಿದರಂತೆ. ಹೂಂ ಅಂದಳಂತೆ.

"ನಿಮಗೆ ಏನಾದ್ರೂ ಹೇಳೋದಿದೆಯಾ?" ಎಂದಳು.

ಇತ್ತು. ಹೋಗಬೇಡ ಎನ್ನಬೇಕಿತ್ತು. ಆದರೆ ಹೋಗಬೇಡ ಎಂದರೆ ಯಾಕೆ ಎನ್ನುತ್ತಾಳೆ. ಅದಕ್ಕೊಂದು ಕಾರಣ ಕೊಡಬೇಕು. ಕಾರಣ ಕೊಟ್ಟರೆ ಅವಳೂ ಒಂದು ಕೊಡುತ್ತಾಳೆ. ಹಲ್ಲುಜ್ಜುವ ಹೊತ್ತಿನಲ್ಲಿ ಅಷ್ಟು ದೂರ ಹೋಗುವುದು ಅವನಿಗೆ ದುಡುಕು ಅನ್ನಿಸಿತು.

"ಛತ್ರಿ ತಗೊಂಡು ಹೋಗು," ಎಂದ. "ಮೋಡ ಆಗಿದೆ."

ಅವಳು ಕಣ್ಣು ಮುಚ್ಚಿ ತೆರೆದಳು. ಗಿರಾಕಿ ಮೊದಲನೇ ಸಾಲಿನ ದಪ್ಪ ಅಕ್ಷರವನ್ನೂ ಓದಲಾರದೆ ಹೋದಾಗ ಹಾಗೆ ಮಾಡುತ್ತಿದ್ದಳೇನೋ.

"ಸರಿ," ಎಂದಳು.

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರು ಉಣ್ಣುತ್ತಿದ್ದರು, ಮಲಗುತ್ತಿದ್ದರು. ಜಗಳವೊಂದು ಬಿಟ್ಟುಹೋಗಿತ್ತು. ಅವನು ಆ ಮನೆಗೆ ಅವಿರೋಧವಾಗಿ ಆಯ್ಕೆಯಾದ ಗಂಡ. ಪರದೆಗೆ ಯಾವ ಬಣ್ಣ ಎಂದರೆ, ನಿನಗೆ ಹೇಗನ್ನಿಸುತ್ತೋ ಹಾಗೆ. ಫ್ಯಾನು ಜೋರು ಮಾಡಲಾ ಎಂದರೆ ಮಾಡು, ಕಡಿಮೆ ಮಾಡಲಾ ಎಂದರೆ ಅದೂ ಮಾಡು. ಅಡುಗೆಮನೆಯ ಬಾಗಿಲಲ್ಲಿ ಇಬ್ಬರೂ ಎದುರಾದರೆ ಅವನೇ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದ. ಅವನ ಶರಟುಗಳ ಬೆನ್ನಿಗೆಲ್ಲ ಸುಣ್ಣ.

ಹೊಟ್ಟೆಪಾಡಿಗೆ ಮಾತ್ರ ಅವನು ಜಗಳ ಬರೆಯುತ್ತಿದ್ದ.

ದಿನಾ ಸಂಜೆ ಬರುವ ಒಂದು ಧಾರಾವಾಹಿ. ಅದನ್ನು ಬರೆಯುವವರು ಒಂದು ಬಾಡಿಗೆ ಫ್ಲ್ಯಾಟಿನ ಹಾಲಿನಲ್ಲಿ ಕೂತು ಕೆಲಸ ಹಂಚಿಕೊಂಡಿದ್ದರು. ಕಥೆ ಯಾವ ಕಡೆ ಹೊರಳಬೇಕು ಎಂದು ಹೇಳುವವರು ಯಜಮಾನರು. ಅಳುವ ದೃಶ್ಯಗಳೆಲ್ಲ ಕಣ್ಣೀರು ಮೇಡಂ ಪಾಲು. ಆಕೆ ಸದಾ ಕಡಲೆಕಾಯಿ ಸುಲಿಯುತ್ತ ಕಿಸಕ್ಕೆಂದು ನಗುತ್ತಿದ್ದಳು. ಯಾರು ಯಾರ ಮೇಲೆ ಎಗರಾಡುವುದಿದ್ದರೂ ಅದು ಇವನ ಡಿಪಾರ್ಟ್‌ಮೆಂಟು. ಅಲ್ಲಿ ಅವನ ಹೆಸರು ಜಗಳ ಸಾರ್.

ಬರೆಯುವ ಮೊದಲು ಅವನು ಆಡಿ ನೋಡುತ್ತಿದ್ದ. ಎಡಕ್ಕೆ ತಿರುಗಿದರೆ ಅತ್ತೆ, ಬಲಕ್ಕೆ ತಿರುಗಿದರೆ ಸೊಸೆ. ಅತ್ತೆಯ ದನಿ ಮೂಗಿನಿಂದ, ಸೊಸೆಯದು ಗಂಟಲಿನಿಂದ, ನಡುವೆ ಸಿಕ್ಕಿಬಿದ್ದ ಮಗನದು ಎಲ್ಲಿಂದಲೂ ಅಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ವಾಚ್‌ಮನ್ ಲಾಠಿ ಹಿಡಿದು ಮೇಲಕ್ಕೆ ಓಡಿಬಂದು, ಆ ಇಬ್ಬರು ಹೆಂಗಸರು ಎಲ್ಲಿ ಎಂದು ಮಂಚದ ಕೆಳಗೂ ಹುಡುಕಿದ್ದ.

ಈ ಕೆಲಸಕ್ಕೂ ಮುಂಚೆ ಅವನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಎಂ.ಎ. ಪ್ರಬಂಧದ ವಿಷಯವೇ ಕಥನದಲ್ಲಿ ಸಂಘರ್ಷ. 'ಪಾತ್ರಕ್ಕೆ ಏನೋ ಒಂದು ಬೇಕು. ಯಾರೋ ಅಡ್ಡ ನಿಲ್ಲಬೇಕು. ಆಗಲೇ ಕಥೆ ನಡೆಯೋದು, ಆಗಲೇ ಆ ಪಾತ್ರ ಯಾರು ಅಂತ ಗೊತ್ತಾಗೋದು' ಎಂದು ಬೋರ್ಡಿನ ಮೇಲೆ ಎದುರುಬದುರು ಬಾಣ ಬರೆಯುತ್ತಿದ್ದ. ಒಮ್ಮೆ ಹಿಂದಿನ ಬೆಂಚಿನಿಂದ ಯಾರೋ, ಸಾರ್, ನಿಮಗೇನು ಬೇಕು ಎಂದು ಕೇಳಿದ್ದರು. ಅವನು ಬಹಳ ಯೋಚಿಸಿ, ಚಾಕ್‌ಪೀಸು ಎಂದಿದ್ದ.

ಅವತ್ತು ಆಫೀಸಿನಲ್ಲಿ ತುರ್ತಿತ್ತು. ಹಿರಿಸೊಸೆಯ ಪಾತ್ರ ಮಾಡುವಾಕೆ ಹಲ್ಲು ನೇರ ಮಾಡಿಸಿಕೊಳ್ಳಲು ತಂತಿ ಹಾಕಿಸಿಕೊಂಡಿದ್ದಳು. ತಂತಿ ಬಿಚ್ಚುವ ತನಕ ಅವಳನ್ನು ಕಥೆಯಿಂದ ಹೊರಗಿಡಬೇಕು.

"ಗಂಡನ ಮನೆ ಬಿಟ್ಟು ಹೋಗ್ಲಿ," ಎಂದರು ಯಜಮಾನರು. "ಹೋಗೋ ಮುಂಚೆ ಒಂದು ಜಗಳ. ಎಂಥಾ ಜಗಳ ಅಂದ್ರೆ, ನೋಡ್ತಾ ಕೂತಿರೋರು ಅನ್ನ ಕಲಸೋದು ನಿಲ್ಲಿಸ್ಬೇಕು. ಬರಿಯಪ್ಪ ಜಗಳ ಸಾರ್."

ಅವನು ಬರೆದ. ಇವತ್ತು ಆಡಿ ನೋಡುವ ಅಗತ್ಯವಿರಲಿಲ್ಲ. ಬೆಳಗ್ಗೆ ನಡೆದದ್ದನ್ನು ಒಂದಕ್ಷರ ಬಿಡದೆ ಇಳಿಸಿದ. ಬಸ್ಸು, ಸೀಟು, ಕಿಟಕಿ, ಛತ್ರಿ. ಗಂಡನ ಬಾಯಲ್ಲಿ ನೊರೆಯನ್ನೂ ಇಟ್ಟ.

ಯಜಮಾನರು ಗಟ್ಟಿಯಾಗಿ ಓದಿದರು. ಓದಿ, ಹಿಂದೆ ಇನ್ನೇನಾದರೂ ಇದೆಯೋ ಎಂದು ಹಾಳೆ ತಿರುಗಿಸಿ ನೋಡಿದರು.

"ಜಗಳ ಎಲ್ಲಿ?"

"ಅಷ್ಟೇ ಸಾರ್."

"ಹೆಂಡ್ತಿ ಮನೆ ಬಿಟ್ಟು ಹೋಗ್ತೀನಿ ಅಂತಾಳೆ. ಗಂಡ ಛತ್ರಿ ತಗೊಂಡ್ಹೋಗು ಅಂತಾನೆ. ಇವನು ಗಂಡನೋ, ಹವಾಮಾನ ಇಲಾಖೆಯೋ?"

ಕಣ್ಣೀರು ಮೇಡಂ ಸಿಪ್ಪೆ ಊದಿದಳು. "ನಂಗಂತೂ ಇದ್ರಲ್ಲಿ ಅಳೋಕೆ ಒಂದಿಂಚು ಜಾಗ ಬಿಟ್ಟಿಲ್ಲ ನೀವು."

"ಹೀಗೂ ಆಗತ್ತೆ ಮೇಡಂ," ಎಂದ ಅವನು.

"ಎಲ್ಲಿ ಆಗತ್ತೆ?"

"ಕೆಲವು ಕಡೆ."

"ಅಂಥ ಕಡೆ ಕ್ಯಾಮೆರಾ ಹೋಗಲ್ಲ ಬಿಡಿ."

ಯಜಮಾನರು ಕನ್ನಡಕ ಹಣೆಗೇರಿಸಿದರು. "ಆಯ್ತಪ್ಪ, ಈ ಗಂಡನಿಗೆ ಏನು ಬೇಕು? ಅದನ್ನಾದ್ರೂ ಹೇಳು."

"ಅವಳು ಹೋಗಬಾರ್ದು."

"ಹಾಗಂತ ಹೇಳಲಿ."

"ಹೇಳಿದ್ರೆ ಜಗಳ ಆಗತ್ತೆ ಸಾರ್."

"ಅದಕ್ಕೇ ಅಲ್ವೇನೋ ನಿಂಗೆ ಸಂಬಳ ಕೊಡೋದು."

ಕಣ್ಣೀರು ಮೇಡಂಗೆ ಕಡಲೆಕಾಯಿ ನೆತ್ತಿಗೇರಿತು. ಬೆನ್ನು ತಟ್ಟಲು ಎಲ್ಲರೂ ಎದ್ದರು. ಗದ್ದಲ ಇಳಿದ ಮೇಲೆ ಯಜಮಾನರು ಟೇಬಲ್ಲು ಪಕ್ಕಕ್ಕೆ ಸರಿಸಿ ಅವನನ್ನು ನಡುವೆ ನಿಲ್ಲಿಸಿದರು. "ಆಡಿ ತೋರ್ಸು. ಮೊದಲು ಹೆಂಡ್ತಿ."

ಅವನು ಬಲಕ್ಕೆ ತಿರುಗಿದ. ಹೆಂಡತಿಯ ದನಿ ತೆಗೆಯಲು ಹೋದ. 'ಸರಿ' ಎಂಬುದು ಬಂತು, ಅಚ್ಚುಕಟ್ಟಾಗಿ ಅವಳದೇ. ಆಮೇಲಿನದು ನೆನಪಿಗೆ ಬರಲಿಲ್ಲ. ಅವಳು ಸಿಟ್ಟಾದರೆ ದನಿ ಏರುತ್ತದೋ, ಒಡೆಯುತ್ತದೋ, ತಣ್ಣಗಾಗುತ್ತದೋ? ತಡವರಿಸಿದ. ಕೊನೆಗೆ ಮೂಗಿನಿಂದ ಅತ್ತೆ ಬಂದುಬಿಟ್ಟಳು. ಕೈ ತಾನಾಗಿ ಸೊಂಟಕ್ಕೆ ಹೋಯಿತು.

"ಏ, ಅತ್ತೆ ಬೇಡ. ಈ ಸೀನಲ್ಲಿ ಅವಳು ಸ್ನಾನಕ್ಕೆ ಹೋಗಿದಾಳೆ," ಎಂದರು ಯಜಮಾನರು. "ಹೋಗ್ಲಿ, ಗಂಡನ್ನ ಮಾಡು."

ಅವನು ಎಡಕ್ಕೆ ತಿರುಗಿದ. ಬಂದದ್ದು ಯಜಮಾನರ ದನಿ, ಅದೇ ಗೊಗ್ಗರು, ಅದೇ 'ಅಲ್ವೇನೋ'. ಎಲ್ಲರೂ ಬಿದ್ದು ಬಿದ್ದು ನಕ್ಕರು. ಯಜಮಾನರು ಎಲ್ಲರಿಗಿಂತ ಹೆಚ್ಚು ನಕ್ಕು ಕಣ್ಣೊರೆಸಿಕೊಂಡರು. "ಭಲೇ ಕಪಿ. ಸಾಕು, ಈಗ ನಿನ್ನ ದನಿಯಲ್ಲಿ ಮಾಡು."

ಅವನು ನೀರು ಕುಡಿದ. ಮತ್ತೆ ಕುಡಿದ.

"ಗಂಟ್ಲು ಕೆಟ್ಟಿದೆ ಸಾರ್."

ಆ ದೃಶ್ಯವನ್ನು ಬೇರೆ ಯಾರಿಗೋ ಒಪ್ಪಿಸಿದರು. ಅವನಿಗೆ ಸಿಕ್ಕಿದ್ದು ಪಾರ್ಕಿಂಗ್ ವಿಷಯಕ್ಕೆ ಇಬ್ಬರು ಡ್ರೈವರುಗಳು ಕಿತ್ತಾಡುವ ದೃಶ್ಯ. ಕಾಲು ಗಂಟೆಯಲ್ಲಿ ಮುಗಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಒಂದು ನಿರ್ಧಾರ ಮಾಡಿದ. ಮನೆ ಸೇರುವ ಮುಂಚೆ ಯಾರ ಜೊತೆಗಾದರೂ, ಯಾವ ವಿಷಯಕ್ಕಾದರೂ, ಕಾಲು ಕೆರೆದು ಒಂದು ಜಗಳ ಆಡುವುದು. ಸ್ವಂತ ದನಿ ಎಲ್ಲಿದೆ ಎಂದು ಗೊತ್ತಾಗುತ್ತದೆ. ಒಂದು ಸಲ ಹೊರಬಿದ್ದರೆ ಹೆಂಡತಿಯ ಮುಂದೂ ಹೊರಬರುತ್ತದೆ. ಅಷ್ಟರಲ್ಲಿ ದೇವರೇ ಕಳಿಸಿದ ಹಾಗೆ ದಪ್ಪನೆಯ ಆಸಾಮಿಯೊಬ್ಬ ಬೂಟುಗಾಲಲ್ಲಿ ಅವನ ಕಾಲು ತುಳಿದ.

"ಪರವಾಗಿಲ್ಲ," ಎಂದುಬಿಟ್ಟ ಅವನು.

"ನಾನಿನ್ನೂ ಸಾರಿ ಕೇಳಿಲ್ಲ," ಎಂದ ಆಸಾಮಿ.

"ಬೇಡ ಬಿಡಿ."

"ಕೇಳೋನಿದ್ದೆ ಕಣ್ರೀ. ಅಷ್ಟು ಅವಸರ ಏನು ನಿಮಗೆ?"

"ತಪ್ಪಾಯ್ತು."

ಆಸಾಮಿ ಗೊಣಗುತ್ತ ಮುಂದೆ ಸರಿದ. ಅವನ ಬೂಟು ಇವನ ಇನ್ನೊಂದು ಕಾಲನ್ನೂ ತುಳಿದು ಹೋಯಿತು.

ಮನೆಗೆ ಬಂದಾಗ ಹೆಂಡತಿ ಸೂಟ್‌ಕೇಸಿನ ಪಕ್ಕ ಚಪ್ಪಲಿ ಹಾಕಿಕೊಂಡು ಕೂತಿದ್ದಳು. ಸೂಟ್‌ಕೇಸು ಚಿಕ್ಕದಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅವಳದು ಎನ್ನುವಂಥದ್ದು ಇಷ್ಟೇ ಇತ್ತೋ, ಇಲ್ಲ ಅವಳು ಒಯ್ಯಲು ಒಪ್ಪಿದ್ದು ಇಷ್ಟೇಯೋ, ತಿಳಿಯಲಿಲ್ಲ. ಅವನು ಬಾಗಿಲು ಹಾಕಿದ. ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತ.

ಹಾಗೆ ನಿಂತದ್ದೇ ತಡ, ಕರೆಂಟು ಹೋಯಿತು.

"ದಾರಿ ಬಿಡಿ," ಎಂದಳು ಅವಳು.

"ಬಿಡಲ್ಲ."

ಅರೆಗತ್ತಲಲ್ಲಿ ಅವಳ ಮುಖ ಮೇಲಕ್ಕೆ ಬಂತು. ಬಾಗಿಲಲ್ಲಿ ಅವನು ಗೋಡೆಗೆ ಸರಿಯದೆ ನಿಂತದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಕೈಗೆತ್ತಿಕೊಂಡ ಸೂಟ್‌ಕೇಸನ್ನು ಮೆಲ್ಲಗೆ ಕೆಳಗಿಟ್ಟಳು.

"ಯಾಕೆ ಬಿಡಲ್ಲ?" ಎಂದಳು. ದನಿಯಲ್ಲಿ ಏನೋ ಆಸೆಯಿತ್ತು.

ಅವನು ಬಾಯಿ ತೆರೆದ. "ಈ ಹೊಸಿಲು ದಾಟಿದ್ರೆ ಈ ಮನೆ ಪಾಲಿಗೆ ನೀನು ಸತ್ತೆ ಅಂತ ತಿಳ್ಕೋ." ಮೂಗಿನಿಂದ ಬಂದಿತ್ತು. ಕೈ ಸೊಂಟದ ಮೇಲಿತ್ತು.

"ಇದು ಹೋದ ವಾರದ್ದು," ಎಂದಳು ಅವಳು.

"ನನ್ನ ಮಾತು ಹಾಗಲ್ಲ..."

"ಈಗ ನಾನು 'ಅತ್ತೇ, ನಿಮ್ಮ ಆಸ್ತಿ ನಿಮಗೇ ಇರಲಿ' ಅನ್ಬೇಕು. ಅನ್ಲಾ?"

"ಬೇಡ."

"ಒಂದ್ಸಲ, ಒಂದೇ ಒಂದ್ಸಲ, ಬೇರೆ ಯಾರನ್ನೂ ಕರ್ಕೊಂಡು ಬರದೆ ಮಾತಾಡಿ ರೀ." ಅವಳ ದನಿ ಏರಿತು. ಏರಿದರೆ ಅದು ಹೀಗಿರುತ್ತದೆ, ತುದಿಯಲ್ಲಿ ಸ್ವಲ್ಪ ಒಡೆಯುತ್ತದೆ, ಎಂದು ಅವನಿಗೆ ಆಗ ನೆನಪಾಯಿತು. "ಒದ್ದೆ ಟವೆಲ್ಲು ಹಾಸಿಗೆ ಮೇಲೆ ಹಾಕ್ತೀರಿ ಅಂತ ನಾನು ಕೂಗಾಡಿದ್ದೆ, ನೆನಪಿದೆಯಾ? ಅವತ್ತು ಅತ್ತಿದ್ದೆ ನಾನು. ಮುಂದಿನ ವಾರ ಅದನ್ನೇ ಟಿ.ವಿ.ಯಲ್ಲಿ ಆ ಸೊಸೆ ಕೂಗಾಡಿದಳು, ಬಿಕ್ಕಿದ್ದೂ ಸೇರಿ. ನಮ್ಮಮ್ಮ ಫೋನ್ ಮಾಡಿ, ಇವತ್ತು ಎಷ್ಟು ಚೆನ್ನಾಗಿತ್ತು ಕಣೇ ಅಂದ್ರು. ಆವತ್ತಿಂದ ಕೂಗಾಡೋದೇ ಬಿಟ್ಟೆ. ಸಂಬಳ ಇಲ್ದೆ ನಿಮ್ಮ ಆಫೀಸಿಗೆ ನಾನ್ಯಾಕೆ ದುಡೀಲಿ?"

ಕಥನಕ್ಕೆ ಬೇಕಾದದ್ದೆಲ್ಲ ಕೂಡಿಬಂದಿತ್ತು. ಬೇಕೆನ್ನುವವನು, ಅಡ್ಡ ನಿಂತವನು, ಹೊರಟವಳು, ಬಾಗಿಲು. ಈಗ ಅವನು ಏನಂದರೂ ನಡೆಯುತ್ತಿತ್ತು. ನೀನೇ ಸರಿ ಎನ್ನಬಹುದಿತ್ತು, ನಿನ್ನದೂ ತಪ್ಪಿದೆ ಎನ್ನಬಹುದಿತ್ತು, ಅತ್ತರೂ ಆಗುತ್ತಿತ್ತು. ಆದರೆ ಆ ಕೊನೆಯ ಸಾಲು ಅವನ ಕಿವಿಯಲ್ಲಿ ಕೂತುಬಿಟ್ಟಿತ್ತು. ಎಂಥ ಸಾಲು. ಮರೆತರೆ ಮತ್ತೆ ಸಿಕ್ಕುವುದಿಲ್ಲ. 'ದುಡೀಲಿ'ಗಿಂತ 'ಕೆಲಸ ಮಾಡಲಿ' ವಾಸಿಯೇ? ಅಲ್ಲ, 'ದುಡೀಲಿ'ಯೇ ಇರಲಿ.

ಅವನ ತುಟಿಗಳು ಅಲ್ಲಾಡುತ್ತಿದ್ದುದನ್ನು ಅವಳು ಕಂಡಳು. ಕತ್ತಲಲ್ಲೂ ಕಂಡಳು. ಕಣ್ಣಿನ ವಿಷಯದಲ್ಲಿ ಅವಳಿಗೆ ಮೋಸ ಮಾಡುವಂತಿರಲಿಲ್ಲ.

"ಬಾಯಿಪಾಠ ಮಾಡ್ತಿದೀರಾ?" ಎಂದಳು. ದನಿ ಇಳಿದಿತ್ತು.

ಅವನ ಬೆನ್ನು ಬಾಗಿಲನ್ನು ಬಿಟ್ಟಿತು. ಪಕ್ಕದಲ್ಲಿ ಗೋಡೆ ಇತ್ತು.

ಅವಳು ಬಾಗಿಲು ತೆಗೆದಳು.

ಮೆಟ್ಟಿಲ ತುಂಬ ಜನ. ಕರೆಂಟಿಲ್ಲದೆ, ಧಾರಾವಾಹಿಯಿಲ್ಲದೆ, ಇಡೀ ಕಟ್ಟಡ ಅಲ್ಲಿ ಬಂದು ಕೂತಿತ್ತು. ಮೇಲ್ಮನೆಯ ಅಜ್ಜಿ ಮಣೆ ಹಾಕಿಕೊಂಡಿದ್ದರು. ಕೆಳಗಿನ ಮನೆಯ ರಿಟೈರ್ಡ್ ಮ್ಯಾನೇಜರು ಬೀಸಣಿಗೆ ಆಡಿಸುತ್ತಿದ್ದರು. ಎದುರು ಮನೆಯಾಕೆ ಮಗುವಿಗೆ ಅನ್ನ ಕಲಸುತ್ತಿದ್ದವಳು ಕೈ ನಿಲ್ಲಿಸಿಬಿಟ್ಟಿದ್ದಳು. ಅವಳ ಗಂಡ ತನ್ನ ಮೊಬೈಲಿನ ಬೆಳಕನ್ನು ಬಾಗಿಲಿನ ಚೌಕಟ್ಟಿಗೆ ಹಿಡಿದ. ಯಾರೂ ನಾಚಿಕೊಳ್ಳಲಿಲ್ಲ, ಯಾರೂ ಏಳಲಿಲ್ಲ.

"ಸ್ವಲ್ಪ ದಾರಿ," ಎಂದಳು ಹೆಂಡತಿ.

"ಈಗೆಲ್ಲಿ ದಾರಿ ತಾಯಿ, ಒಳ್ಳೇ ಸಮಯದಲ್ಲಿ," ಎಂದರು ಅಜ್ಜಿ, ಹೊರಟವಳು ಯಾರೆಂದು ಮುಖವೆತ್ತಿ ನೋಡದೆ. "ಕೂತ್ಕೋ, ಇಲ್ಲಿ ಜಾಗ ಇದೆ." ಮಣೆಯನ್ನು ಅರ್ಧ ಬಿಟ್ಟುಕೊಟ್ಟರು.

ಅವಳು ಸೂಟ್‌ಕೇಸನ್ನು ತೊಡೆಯ ಮೇಲಿಟ್ಟುಕೊಂಡು ಅವರ ಪಕ್ಕ ಕೂತಳು. ಎಲ್ಲರ ಜೊತೆ ಅವಳೂ ಅವನತ್ತ ನೋಡಿದಳು.

ಅವನು ಬೆಳಕಿನ ಚೌಕದೊಳಗೆ ಬಂದು ನಿಂತ. ಅತ್ತೆ ಇರಲಿಲ್ಲ, ಸೊಸೆ ಇರಲಿಲ್ಲ, ಯಜಮಾನರೂ ಇರಲಿಲ್ಲ. ಹೋಗಬೇಡ ಎಂದ. ಬಾಯಿ ಅಷ್ಟಗಲ ತೆರೆಯಿತು, ಕತ್ತಿನ ನರ ಉಬ್ಬಿತು, ಕೈ ಮೇಲೆದ್ದಿತು. ಮತ್ತೆ ಹೇಳಿದ.

"ಸೌಂಡು ಹೋಯ್ತಲ್ಲ," ಎಂದಿತು ಹಿಂದಿನ ಮೆಟ್ಟಿಲಿನಿಂದ ಒಂದು ದನಿ.

ಮ್ಯಾನೇಜರು ಬೀಸಣಿಗೆ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದು ಬಂದರು. ಬಾಗಿಲ ಚೌಕಟ್ಟನ್ನು, ಹಳೇ ಟಿ.ವಿ.ಗೆ ಮಾಡುವ ಹಾಗೆ, ಪಕ್ಕದಿಂದ ಒಮ್ಮೆ ತಟ್ಟಿ ನೋಡಿದರು. ಕಿವಿಗೊಟ್ಟರು. ಮತ್ತೆ, ಈ ಸಲ ಅಂಗೈ ಬಿಡಿಸಿ, ಸ್ವಲ್ಪ ಜೋರಾಗಿ ಬಡಿದರು.