ತೀನೆಕೆಯ ಮೂಲೆ

ಹದಿನಾಲ್ಕು ವರ್ಷ ತೀನೆಕೆಯೂ ನಾನೂ ಮಗ್ಗುಲು ಮಗ್ಗುಲಾಗಿ ನಿಂತು ವ್ಯಾಪಾರ ಮಾಡಿದೆವು. ಅಷ್ಟು ದಿನವೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಹೇಗ್ ಪಟ್ಟಣದ ನಮ್ಮ ಬಡಾವಣೆಯ ಸಂತೆಯಲ್ಲಿ ಅವಳದು ಮೂಲೆಯ ಜಾಗ. ಮೊಟ್ಟೆ ಮತ್ತು ಚೀಸ್ ಮಾರುತ್ತಿದ್ದಳು. ಪಕ್ಕದಲ್ಲಿ ನನ್ನದು, ನಾನು ಬಿಟ್ಟುಬಂದ ಸುರಿನಾಮಿನ ತರಕಾರಿ: ಹಾಗಲಕಾಯಿ, ಮಾರುದ್ದದ ಅಲಸಂದೆ. ಬೆಳಿಗ್ಗೆ ನಾನು ಹಲಗೆಗೆ ನೀರು ಚಿಮುಕಿಸಿ, ಊದುಬತ್ತಿ ಹಚ್ಚಿ, ಹನುಮಂತನನ್ನು ನೆನೆಯುವುದು ರೂಢಿ. ಅವಳು ರಟ್ಟಿನ ತುಂಡು ಹಿಡಿದು ಬೀಸಿಕೊಳ್ಳುತ್ತಾ, "ಏ ಹಾಗಲಕಾಯಿ, ನಿನ್ ದೇವ್ರು ನನ್ ಚೀಸ್ ತಿನ್ನಲ್ಲ. ಹೊಗೆ ಯಾಕೆ ಈ ಕಡೆ ಕಳಿಸ್ತೀಯ?" ಎನ್ನುತ್ತಿದ್ದಳು. ನಾನೇನು ಕಡಿಮೆಯವನಲ್ಲ. ಮಳೆ ಬಂದಾಗ ನನ್ನ ಚಪ್ಪರದ ಟಾರ್ಪಾಲಿನಲ್ಲಿ ನಿಂತ ನೀರನ್ನು ಕೋಲಿನಿಂದ ಎತ್ತಿ ಸರಿಯಾಗಿ ಅವಳ ಕಡೆಗೇ ಸುರಿಯುತ್ತಿದ್ದೆ. ದೇವರ ಹೆಸರು ಹೇಳಿದ ಬಾಯಿ ಇನ್ನೂ ಆರಿರುತ್ತಿರಲಿಲ್ಲ.

ಖಾಯಂ ಜಾಗದವರು ಒಂಬತ್ತರೊಳಗೆ ತಾವೇ ಬಂದು ನಿಲ್ಲಬೇಕು. ವರ್ಷದಲ್ಲಿ ಮೂರು ಸಲ ತಪ್ಪಿದರೆ ಜಾಗ ಹೋಯಿತು. ಜಾಗವಿಲ್ಲದೆ ಕಾಯುವವರ ನಡುವೆ ಚೀಟಿ ಎತ್ತುತ್ತಾರೆ. ಆದರೆ ನಮ್ಮೊಳಗೆ ಹಳೆಯದೊಂದು ಪದ್ಧತಿಯಿತ್ತು. ಪಕ್ಕದವರು ತಡವಾದರೆ ಅವರ ಹಲಗೆಯ ಮೇಲೆ ನಮ್ಮದೊಂದು ಬುಟ್ಟಿ ಇಡುವುದು. ಸಂತೆಯ ಮೇಸ್ತ್ರಿ ರೂಲೊಫ್ ಸರಕು ಕಂಡರೆ ಬಂದಿದ್ದಾರೆಂದು ಗುರುತು ಹಾಕಿ ಮುಂದೆ ಹೋಗುತ್ತಿದ್ದ. ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಆ ಚಳಿಗಾಲದಲ್ಲಿ ಸೊಂಟದ ನೋವಿನಿಂದ ತೀನೆಕೆ ಆಗಲೇ ಎರಡು ಸಲ ತಪ್ಪಿದ್ದಳು. ಫೆಬ್ರವರಿಯ ಒಂದು ಶುಕ್ರವಾರ, ಒಂಬತ್ತಕ್ಕೆ ಇನ್ನು ಐದು ನಿಮಿಷವಿದ್ದರೂ ಮೂಲೆ ಬರಿದಾಗಿತ್ತು. ನಾಲ್ಕು ಜನ ಜೇಬಿನಲ್ಲಿ ಕೈಯಿಟ್ಟು ಕಾಯುತ್ತಿದ್ದರು. ಅವರಲ್ಲಿ ಒಬ್ಬ ನೆಜಾತಿ, ತುರ್ಕಿಯವನು, ತರಕಾರಿಯವನು. ನನಗಿಂತ ಅಗ್ಗ, ನನಗಿಂತ ದೊಡ್ಡ ಗಂಟಲು. ಆ ಮೂಲೆ ಅವನಿಗೆ ಸಿಕ್ಕರೆ ನನ್ನ ಗಿರಾಕಿಗಳು ನನ್ನವರೆಗೆ ಬರುವುದೇ ಇಲ್ಲ. ಇದನ್ನು ಮುಚ್ಚಿಟ್ಟು ಫಲವಿಲ್ಲ. ಅಲಸಂದೆಯ ಎರಡು ಬುಟ್ಟಿಗಳನ್ನು ಅವಳ ಹಲಗೆಯ ಮೇಲಿಟ್ಟ ನನ್ನ ಕೈಯಲ್ಲಿ ಕರುಣೆ ಇರಲಿಲ್ಲ.

ನನ್ನ ಹೆಂಡತಿ ಸೋನ್‌ಮತಿ ಹುಬ್ಬೇರಿಸಿದಳು. "ಅವಳಿಗಾ?"

"ನಮಗೆ," ಎಂದೆ.

ಒಂಬತ್ತು ದಾಟಿದ ಮೇಲೆ ರೂಲೊಫ್ ಬಂದು, ಎಲ್ಲಿ ಆಕೆ ಎಂದು ಕೇಳಿದ. ಪಾಯಖಾನೆಗೆ ಹೋಗಿದ್ದಾಳೆ ಎಂದೆ. ಅವನು ಗುರುತು ಹಾಕಲು ಪೆನ್ನು ಎತ್ತಿದ. ಅಷ್ಟರಲ್ಲಿ ಕೈಗಾಡಿ ನೂಕುತ್ತಾ, ಕುಂಟುತ್ತಾ ತೀನೆಕೆ ತಿರುವಿನಿಂದ ಬಂದಳು. ಅವಳು ರೂಲೊಫನನ್ನು ನೋಡಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ. ಅವಳಿಗೆ ಕಂಡದ್ದು ತನ್ನ ಹಲಗೆಯ ಮೇಲೆ ನನ್ನ ಅಲಸಂದೆ. ಎರಡೂ ಬುಟ್ಟಿಗಳನ್ನು ಎತ್ತಿ ಕರಗುತ್ತಿದ್ದ ಹಿಮದ ಕೆಸರಿಗೆ ಮಗುಚಿದಳು.

"ನಾನು ಈಗಿನ್ನೂ ಬರ್ತಾ ಇದೀನಿ, ಅಷ್ಟರಲ್ಲೇ ನನ್ ಜಾಗಕ್ಕೆ ಕೈ ಹಾಕಿದ್ಯಾ? ನಾನು ಯಾವಾಗ ಸಾಯ್ತೀನಿ ಅಂತ ಕಾಯ್ತಾ ಇದ್ದೆ, ಅಲ್ವಾ?"

ಸಾಲಿಗೆ ಸಾಲೇ ತಿರುಗಿ ನೋಡಿತು. ರೂಲೊಫನ ಪೆನ್ನು ನಿಂತಲ್ಲೇ ನಿಂತಿತು. ಅವನೊಬ್ಬನೇ ಕೇಳಿದ್ದರೆ ಕಿವುಡನಾಗಿಬಿಡುತ್ತಿದ್ದನೇನೋ.

ನೆಜಾತಿ ಮೆಲ್ಲಗೆ ಹೇಳಿದ: "ಯಜಮಾನ್ರೇ, ಈಗ ಬಂದೆ ಅಂತ ಆಯಮ್ಮನೇ ಹೇಳ್ತಿದಾಳೆ. ಚೀಟಿ ತೆಗೀರಿ."

ಆಗ ಅವಳಿಗೆ ತಿಳಿಯಿತು. ಅವಳ ಕಣ್ಣು ಅಲಸಂದೆಯಿಂದ ಪೆನ್ನಿಗೆ, ಪೆನ್ನಿನಿಂದ ನನ್ನ ಮುಖಕ್ಕೆ ಬಂತು. ರೂಲೊಫನೂ ನನ್ನ ಕಡೆ ನೋಡಿದ. ಮುಂಚೆಯೇ ಬಂದಿದ್ದಳು, ಗಾಡಿ ತರಲು ಹೋಗಿದ್ದಳು ಎಂದು ನಾನು ಹೇಳಬಹುದಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಸೋನ್‌ಮತಿ ಬಗ್ಗಿ ಕೆಸರಿನಿಂದ ಒಂದೊಂದೇ ಕಾಯಿ ಆರಿಸುತ್ತಿದ್ದಳು. ಅವಳ ಬಗ್ಗಿದ ಬೆನ್ನು ನೋಡಿ ನಾನು ಬಾಯಿ ತೆರೆಯಲಿಲ್ಲ. ನೆಜಾತಿ ಬಂದರೆ ಬರಲಿ ಎನಿಸಿತು. ದ್ವೇಷಕ್ಕೆ ತನ್ನ ನಷ್ಟವೂ ರುಚಿಸುತ್ತದೆ ಎಂಬುದನ್ನು ಭಗವಂತ ನನಗೆ ಅಂದು ತೋರಿಸಿದ.

ಚೀಟಿ ಬಂದದ್ದು ಕಾಲುಚೀಲ ಮಾರುವ ಪೋಲಂಡಿನ ಹೆಂಗಸಿಗೆ.

ತೀನೆಕೆ ಗಾಡಿ ತಿರುಗಿಸಿದವಳು ನನ್ನ ಮುಂದೆ ನಿಂತಳು. "ಯಾಕೆ ಇಟ್ಟೆ?"

"ನೆಜಾತಿ ಬರಬಾರ್ದು ಅಂತ."

ಅವಳ ಮುಖ ಸಡಿಲವಾಯಿತು. ಹಗುರಾದವಳಂತೆ ಕಂಡಳು.

"ಹಾಗಾದ್ರೆ ಸರಿ," ಎಂದಳು. "ನಿನ್ ಋಣ ನನ್ ಮೇಲಿಲ್ಲ."

ಮೊಟ್ಟೆಗಳು ಒಡೆಯದ ಹಾಗೆ, ಕಲ್ಲು ತಪ್ಪಿಸಿ ತಪ್ಪಿಸಿ ನಿಧಾನವಾಗಿ ಗಾಡಿ ನೂಕಿಕೊಂಡು ಹೋದಳು.