ಇವತ್ತಿನ ತಾರೀಖು

ಅಬ್ಬಿಗೆರೆಯ ಮುನಿಯಲ್ಲಮ್ಮನಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಬೆಳಗ್ಗೆ ಎದ್ದವಳೇ ಮಗಳು ವನಿತಾಳ ಕಂಪ್ಯೂಟರಿನ ಮುಂದೆ ಕೂತು, ಮಗ ಶಿವರಾಮನ ಫೋಟೋ ಕೆಳಗಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿಗೆ ತಾಳೆ ನೋಡುವಳು.

"ಇವತ್ತೂ ಬಂದವ್ನೆ ಕಣೇ," ಎಂದ ಮೇಲೇ ಕಾಫಿ.

2013ರ ಯುಗಾದಿಯ ಮಾರನೇ ದಿನ, ಹೊಸತೊಡಕಿನ ಬಾಡೂಟಕ್ಕೆ ಕೂತ ನೆಂಟರೆದುರೇ ಅಪ್ಪ ಚಿಕ್ಕಮುನಿಯಪ್ಪ ಕೆನ್ನೆಗೆ ಬಾರಿಸಿದ್ದಕ್ಕೆ ಶಿವರಾಮ ಎಲೆ ಬಿಟ್ಟೆದ್ದು ಹೋದವನು, ಹೋದವನೇ. ಆಗಷ್ಟೇ ವನಿತಾ ನೆಂಟರಿಷ್ಟರಿಗೆಲ್ಲ ಒಂದು ವೆಬ್‌ಸೈಟ್ ಕಟ್ಟಿದ್ದಳು. ಯಶವಂತಪುರದ ಆಫೀಸಿನಲ್ಲಿ ಅವಳ ಕೆಲಸವೂ ಅದೇ. ಎಲ್ಲರ ಫೋಟೋ ತಾನೇ ಹಾಕಿ, ಕೆಳಗೆ 'ಕೊನೆಯ ಭೇಟಿ' ಎಂದು ತಾರೀಖು ಬರುವಂತೆ ಮಾಡಿದ್ದಳು. ಫೋನ್ ಎತ್ತದ ಅಣ್ಣನಿಗೂ ಪಾಸ್‌ವರ್ಡ್ ಮೆಸೇಜ್ ಮಾಡಿದಳು. ಮಾರನೇ ದಿನ ನೋಡಿದರೆ ಅವನ ಫೋಟೋ ಕೆಳಗೂ ತಾರೀಖು! ಪೊಲೀಸ್ ಸ್ಟೇಷನ್ನಿಗೆ ಹೊರಟಿದ್ದ ಗಂಡನನ್ನು ಮುನಿಯಲ್ಲಮ್ಮನೇ ತಡೆದಳು.

"ಪೋಲೀಸ್ನೋರ್ ಸಾವಾಸ ಯಾಕೆ? ಚೆನ್ನಾಗವ್ನೆ. ಸಿಟ್ಟಿಳುದ್ರೆ ಅವ್ನೇ ಬತ್ತಾನೆ."

ದೀಪಾವಳಿಯೂ ಕಳೆಯಿತು. ಒಂದು ದಿನ ಶೆಟ್ಟಿಹಳ್ಳಿಯ ನೆಂಟ ಮುನಿರತ್ನ ಆಫೀಸಿಗೇ ಫೋನ್ ಮಾಡಿ ರೇಗಿದ.

"ಏನಮ್ಮ ವನಿತಾ, ತಮಾಷೆನಾ? ನಮ್ಮಪ್ಪ ಬ್ಯಾಟರಾಯಪ್ಪ ಸತ್ತು ತಿಥಿನೂ ಆಯ್ತು. ಇದ್ದಾಗ್ಲೇ ಕಂಪ್ಯೂಟರ್ ಮುಟ್ದೋನಲ್ಲ. ನಿನ್ ಸೈಟಲ್ಲಿ ದಿನಾ ಬಂದೋಗ್ತಾನಂತೆ!"

ವನಿತಾ ಫೋನಿಟ್ಟು ಸೈಟಿನ ಕೋಡ್ ತೆರೆದಳು. ಯಾರೇ ಬಂದರೂ ಆ ಗಳಿಗೆ ಸೆಕೆಂಡುಗಳ ಲೆಕ್ಕದ ಉದ್ದನೆಯ ಅಂಕಿಯಾಗಿ ಸೈಟಿನಲ್ಲಿ ಉಳಿಯುತ್ತದೆ. ಅದನ್ನು ಜನ ಓದುವ ತಾರೀಖು ಮಾಡಲು ಅವಳೇ ಒಂದು ಸಾಲು ಕೋಡ್ ಬರೆದಿದ್ದಳು. ಒಮ್ಮೆಯೂ ಬಾರದೆ ಅಂಕಿಯೇ ಇಲ್ಲದಿದ್ದರೆ ಏನು ಮಾಡಬೇಕೆಂದು ಮಾತ್ರ ಬರೆದಿರಲಿಲ್ಲ. ಅಂಥ ಕಡೆ ಆ ಹಾಳು ಸಾಲು ಇವತ್ತಿನ ತಾರೀಖನ್ನೇ ಕೊಡುತ್ತಿತ್ತು. ಬ್ಯಾಟರಾಯಪ್ಪನ ಹೆಸರಿನ ಮುಂದೆ ಅಂಕಿ ಇರಲಿಲ್ಲ. ಅಣ್ಣನದನ್ನು ತೆಗೆದಳು. ಅಲ್ಲೂ ಖಾಲಿ.

ಆ ಸಾಲನ್ನು ಸರಿಪಡಿಸಿದಳು, ಸರಿಪಡಿಸದೆ ವಿಧಿಯಿರಲಿಲ್ಲ. ಮನೆಗೆ ಬಂದು ಅಮ್ಮನನ್ನು ಪಕ್ಕ ಕೂರಿಸಿಕೊಂಡು ಎಲ್ಲ ಹೇಳಿದಳು.

"ಅಂಗಾರೆ ಅವ್ನು ಒಂದ್ಸಲಾನೂ ಬಂದಿಲ್ವಾ?"

"ಇಲ್ಲಮ್ಮ. ತಪ್ಪು ನಂದೇ."

ಮುನಿಯಲ್ಲಮ್ಮ ಖಾಲಿ ಜಾಗದ ಮೇಲಿನ ಮಗನ ಮುಖವನ್ನೇ ನೋಡುತ್ತ ಕೂತಳು.

"ಚೆನ್ನಾಗವ್ನೆ ಅಂದ್ಕೊಂಡು," ಎಂದಳು ಕೊನೆಗೆ, "ನಾವು ಅವುನ್ನ ಹುಡುಕ್ಲೇ ಇಲ್ವಲ್ಲೇ."