ಮೇಸ್ತ್ರಿಯ ನುಣುಪು

ಉಬ್ಬುತಗ್ಗು ಕಂಡರೆ ಗಾರೆ ಮೇಸ್ತ್ರಿಗೆ ಕೈ ಕಡಿಯುತ್ತಿತ್ತು. ಅವನು ಮಾಡಿದ ನೆಲದ ಮೇಲೆ ಗೋಲಿ ಬಿಟ್ಟರೆ ಎತ್ತ ಉರುಳಬೇಕೆಂದು ತಿಳಿಯದೆ ನಿಂತುಬಿಡುತ್ತದೆ ಎಂದು ಊರೇ ಹೇಳುತ್ತಿತ್ತು. ಊರಿಗೆ ಮೊದಲು ಹೇಳಿದವನು ಅವನೇ.

ಅಂಥವನಿಗೆ ತನ್ನ ಅಕ್ಕನ ಬೀದಿಯ ಫುಟ್‌ಪಾತಿಗೆ ಹಳದಿ ಟೈಲು ಕೂರಿಸುವ ಕೆಲಸ ಬಂತು. ಕಣ್ಣು ಕಾಣದವರು ಕಾಲಿನಲ್ಲಿ ಓದಿಕೊಳ್ಳುವ ಟೈಲು: ಉಬ್ಬಿದ ಉದ್ದನೆಯ ಏಣುಗಳಿದ್ದರೆ ನಡೆಯಬೇಕು, ಉಬ್ಬಿದ ಗುಂಡನೆಯ ಬೊಟ್ಟುಗಳಿದ್ದರೆ ನಿಲ್ಲಬೇಕು, ಮುಂದೆ ರಸ್ತೆ.

ಅಕ್ಕನಿಗೆ ಕಣ್ಣು ಹೋಗಿ ನಾಲ್ಕು ವರ್ಷ. ಅಂದಿನಿಂದ ಭಾವನೇ ದಿನಾ ಕೈ ಹಿಡಿದು ಅವಳನ್ನು ಆಫೀಸಿಗೆ ಬಿಡುತ್ತಿದ್ದರು. ಬಸ್‌ಸ್ಟಾಪಿನವರೆಗೆ ಒಬ್ಬಳೇ ಹೋಗಿ ತೋರಿಸಿದರೆ ಕೈ ಬಿಡುತ್ತೇನೆ, ಎಡವಿದರೆ ಮತ್ತೆ ಆ ಮಾತೆತ್ತಬಾರದು ಎಂದು ಅವರು ಷರತ್ತು ಹಾಕಿದ್ದರು.

"ನಿಮ್ಮ ಭಾವನ ಕೈ ಒಳ್ಳೇದೇ ಕಣೋ," ಎಂದಿದ್ದಳು ಅಕ್ಕ. "ಆದ್ರೆ ಅದರ ಜೊತೆ ಬಾಯೂ ಬರುತ್ತೆ."

ಟೈಲಿನ ಕೆಲಸ ಮುಗಿದ ಮೇಲಿನ ಭಾನುವಾರ ಬೆಳಿಗ್ಗೆ ಅಕ್ಕ ಕೋಲು ಹಿಡಿದು ಹೊರಟಳು. ಹಿಂದೆ ಗಂಡ, ತಮ್ಮ. ಏಣುಗಳ ಮೇಲೆ ನೇರ ನಡೆದಳು. ಬೊಟ್ಟುಗಳು ಬಂದವು. ಅವಳು ನಿಲ್ಲಲಿಲ್ಲ. ಒಂದು ಕಾಲು ರಸ್ತೆಗಿಳಿಯುವಷ್ಟರಲ್ಲಿ ಮೇಸ್ತ್ರಿ ಮೊಣಕೈ ಹಿಡಿದೆಳೆದ. ಸೈಕಲ್ಲೊಂದು ಗಂಟೆ ಬಾರಿಸುತ್ತ ಹೋಯಿತು.

"ಎಲ್ಲೋ ನಿನ್ನ ಬೊಟ್ಟು?"

"ಅಲ್ಲೇ ಇದ್ವಲ್ಲಕ್ಕ."

ಅಕ್ಕ ಕೂತು ಅಂಗೈ ಆಡಿಸಿದಳು. "ಸೊಗಸಾಗಿದೆ. ಮಧ್ಯೆ ಏನು ತುಂಬಿದ್ದೀಯ?"

"ಕಸ ಕೂರುತ್ತೆ ಅಂತ... ಸ್ವಲ್ಪ ಸಿಮೆಂಟು."

"ಸ್ವಲ್ಪ?"

"ಬೊಟ್ಟಿನ ನೆತ್ತಿವರೆಗೆ."

"ಆಯ್ತಲ್ಲ, ನಡಿ ಮನೆಗೆ," ಎಂದು ಭಾವ ಗೆದ್ದವರ ಹಾಗೆ ಕೈ ಚಾಚಿದರು.

"ಎಡವಿದ್ದು ನಾನಲ್ಲರೀ, ಇವನು. ಸಂಜೆ ಇನ್ನೊಂದು ಸಲ."

ಮೇಸ್ತ್ರಿ ಉಳಿ ಸುತ್ತಿಗೆ ತಂದು ಕೂತ. ಒಂದೊಂದೇ ಬೊಟ್ಟಿನ ಸುತ್ತ ಸಿಮೆಂಟು ಕೆತ್ತಿ ತೆಗೆದ. ನುಣ್ಣಗಿದ್ದುದನ್ನು ಕೈಯಾರೆ ಒರಟು ಮಾಡುವುದು ಅವನಿಗೆ ಹಲ್ಲು ಕೀಳಿಸಿಕೊಂಡಂತಿತ್ತು. "ನಿನ್ನ ಕೆಲಸ ನೀನೇ ಒಡೀತಿದ್ದೀಯಲ್ಲ ಮಾರಾಯ," ಎಂದು ದಾರಿಹೋಕರು ನಗೆಯಾಡಿದರೂ ತಲೆಯೆತ್ತಲಿಲ್ಲ.

ಸಂಜೆ ಅಕ್ಕ ಮತ್ತೆ ನಡೆದಳು. ಹಿಂದೆ ಭಾವ ಕೈ ಚಾಚಿಕೊಂಡೇ ಬಂದರು. ಬೊಟ್ಟುಗಳ ಮೇಲೆ ಕಾಲಿಟ್ಟವಳೇ ನಿಂತಳು. ಚಪ್ಪಲಿಯನ್ನು ಎರಡು ಸಲ ಉಜ್ಜಿದಳು. ಗಾಡಿಗಳ ಸದ್ದು ಪೂರ್ತಿ ಅಡಗುವವರೆಗೆ ಕಾದು, ರಸ್ತೆ ದಾಟಿ, ಬಸ್‌ಸ್ಟಾಪಿನ ಕಂಬ ಮುಟ್ಟಿ ಕೂಗಿದಳು:

"ಒರಟಾಗಿದೆ ಕಣೋ."

ಮೇಸ್ತ್ರಿಯ ಕೆಲಸಕ್ಕೆ ಇದಕ್ಕಿಂತ ದೊಡ್ಡ ಹೊಗಳಿಕೆ ಸಿಕ್ಕಿರಲಿಲ್ಲ.

ಭಾವ ಚಾಚಿಕೊಂಡಿದ್ದ ಕೈಯನ್ನು ಮೆಲ್ಲಗೆ ಜೇಬಿಗಿಳಿಸಿದರು. "ನಾಳೆ ಬಿಸಿಲಿರುತ್ತೆ, ಕೊಡೆ ಮರೀಬೇಡ," ಎಂದು ರಸ್ತೆಯ ಈಚೆಯಿಂದಲೇ ಕೂಗಿ ಹೇಳಿದರು. ಷರತ್ತು ಕೈಗೆ ಮಾತ್ರ ಇತ್ತಲ್ಲ, ಬಾಯಿಗಲ್ಲ.